ನಾಲ್ಕು ಅಡಿ ನೀರಿನ ಸ್ಥಳಪುರಾಣ

ಜೀವಮಾನದಲ್ಲಿ ನಾನು ಬರೆದದ್ದು ಒಂದೇ ಒಂದು ಇತಿಹಾಸ, ಅದರಲ್ಲಿ ಮುಕ್ಕಾಲು ಪಾಲು ಸುಳ್ಳು. ಬರೆಯುವಾಗ ಅದು ಸುಳ್ಳು ಎಂದು ನನಗೆ ಅನ್ನಿಸಲೇ ಇಲ್ಲ, ತಾಪತ್ರಯವೆಲ್ಲ ಅಲ್ಲೇ ಶುರುವಾದದ್ದು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ವಡೋದರಾದ ಒಂದು ಸರ್ಕಾರಿ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ನಾನು ಡ್ರಾಫ್ಟ್ಸ್‌ಮನ್. ಹುಟ್ಟಿ ಬೆಳೆದದ್ದು ಉಡುಪಿ ಕಡೆ, ದೇವಸ್ಥಾನದ ಕೆರೆಗೆ ತಾಗಿದ ಮನೆಯಲ್ಲಿ. ನನ್ನ ಪಕ್ಕದ ಬೋರ್ಡಿನಲ್ಲಿ ಕೂರುತ್ತಿದ್ದವರು ಸೂರತ್ ಜಿಲ್ಲೆಯ ಒಂದು ಹಳ್ಳಿಯವರು, ಕ್ರೈಸ್ತರು, ನನಗಿಂತ ಹತ್ತು ವರ್ಷ ದೊಡ್ಡವರು. ಇಡೀ ಆಫೀಸು ಅವರನ್ನು ಮೋಟಾಭಾಯ್ ಎನ್ನುತ್ತಿತ್ತು, ಅಂದರೆ ದೊಡ್ಡಣ್ಣ. ಆಸಾಮಿ ಮಾತ್ರ ಕಡ್ಡಿಯಂತೆ ಸಣಕಲು.

ಒಂದು ವರ್ಷ ವಡೋದರಾದ ಕನ್ನಡ ಸಂಘದವರು ಒಂದು ಸ್ಮರಣ ಸಂಚಿಕೆ ತಂದಿದ್ದರು. ಅದಕ್ಕೆ ನಾನು ನಮ್ಮೂರ ದೇವಸ್ಥಾನದ ಬಗ್ಗೆ ಎರಡು ಪುಟ ಬರೆದಿದ್ದೆ. ಅದರಲ್ಲಿ ಹೆಸರು ಬಿಟ್ಟರೆ ನನ್ನದು ಎನ್ನುವಂಥದ್ದು ಏನೂ ಇರಲಿಲ್ಲ, ಎಲ್ಲಾ ಅಜ್ಜನ ಬಾಯಲ್ಲಿ ಕೇಳಿದ್ದು. ಮೆಟ್ಟಿಲು ಹದಿನೆಂಟು ಯಾಕೆ, ಕೆರೆಗೆ ಐದು ಮೂಲೆ ಯಾಕೆ, ಗರ್ಭಗುಡಿಯ ಬಾಗಿಲು ಗಿಡ್ಡ ಯಾಕೆ, ಒಂದೊಂದಕ್ಕೂ ಒಂದೊಂದು ಕಾರಣ. ನಮ್ಮಲ್ಲಿ ಕಾರಣ ಇಲ್ಲದ ಅಳತೆಯೇ ಇಲ್ಲ. ಅದನ್ನು ಮೋಟಾಭಾಯ್‌ಗೆ ಹಿಂದಿಯಲ್ಲಿ ಓದಿ ಹೇಳಿದೆ. ಅವರು ಟೀ ಕಪ್ ಕೆಳಗಿಟ್ಟು, ‘ಭಾಯ್, ನಮ್ಮ ಊರಿನ ಚರ್ಚಿಗೂ ಹೀಗೆ ಒಂದು ಬರೆದುಕೊಡಿ’ ಎಂದರು. ಚರ್ಚಿಗೆ ಅರವತ್ತು ವರ್ಷ ತುಂಬುತ್ತಿತ್ತು. ಅದರ ನೆಪದಲ್ಲಿ ರಿಪೇರಿ ಮಾಡಿಸುವವರಿದ್ದರು. ರಿಪೇರಿಗೆ ನಕ್ಷೆ ಬೇಕು, ಹಬ್ಬಕ್ಕೆ ಇತಿಹಾಸ ಬೇಕು. ಎರಡಕ್ಕೂ ನಾನೇ ಆಗಬಹುದು ಎಂದು ಅವರಿಗೆ ತೋರಿತು. ಹೊಗಳಿಕೆ ಕೇಳಿದರೆ ನಾನು ಕರಗುವವನು, ಕೂಡಲೇ ಹೂಂ ಅಂದೆ.

ಊರಿಗೆ ಹೋಗಲು ಸೂರತ್‌ವರೆಗೆ ರೈಲು, ಅಲ್ಲಿಂದ ಎಸ್‌ಟಿ ಬಸ್ಸು, ಆಮೇಲೆ ಕಬ್ಬಿನ ಗದ್ದೆಗಳ ನಡುವೆ ಎರಡು ಮೈಲಿ ನಡಿಗೆ. ಗುಜರಾತಿಗಳು ಚರ್ಚಿಗೆ ದೇವಳ ಎನ್ನುತ್ತಾರೆ. ನಮ್ಮ ಕಡೆ ದೇವಸ್ಥಾನಕ್ಕೂ ಅದೇ ಮಾತು, ಹಾಗಾಗಿ ದಾರಿಯಲ್ಲೇ ನನಗೆ ಅರ್ಧ ಧೈರ್ಯ ಬಂದಿತ್ತು. ಎತ್ತರದ ಗೋಪುರ, ಬಣ್ಣದ ಗಾಜು ಕಾಣಬಹುದೆಂದುಕೊಂಡು ಹೋದರೆ ಎದುರಿಗೆ ಕಂಡದ್ದು ಒಬ್ಬ ಶೇಠ್‌ಜಿಯ ಮನೆ. ಯಾಕೆಂದರೆ ಅದನ್ನು ಕಟ್ಟಿದ ಬಡಗಿ ಅಲ್ಲಿಯವರೆಗೆ ಸೂರತ್‌ನ ವ್ಯಾಪಾರಿಗಳ ಮನೆ ಬಿಟ್ಟು ಇನ್ನೇನನ್ನೂ ಕಟ್ಟಿದವನಲ್ಲ. ಮುಂಭಾಗದ ಉದ್ದಕ್ಕೂ ಜಗಲಿ, ಕೆತ್ತನೆಯ ಸಾಗುವಾನಿ ಕಂಬಗಳು, ಬಾಗಿಲ ತೊಲೆಯ ಮೇಲೆ ಎದುರುಬದುರು ಎರಡು ಗಿಳಿ. ಶಿಲುಬೆಯನ್ನು ಆಮೇಲೆ ನೆನಪಾಗಿ ಗಿಳಿಗಳ ನಡುವೆ ಕೂರಿಸಿದ್ದರು. ಗೋಡೆಗಳು ಎರಡಡಿ ದಪ್ಪ, ಒಳಗೆ ಹಸಿ ಇಟ್ಟಿಗೆ, ಹೊರಗೆ ಸುಣ್ಣದ ಗಾರೆ. ಹೆಂಚು ಮಾತ್ರ ಮಂಗಳೂರಿನದು, ಹಡಗಿನಲ್ಲಿ ಬಂದದ್ದಂತೆ. ಅಷ್ಟು ದೂರದಲ್ಲಿ ನಮ್ಮ ಕಡೆಯ ಹೆಂಚು ಕಂಡು ನಾನು ಬಿಸಿಲಲ್ಲೇ ನಿಂತು ಸೂರು ನೋಡುತ್ತಿದ್ದೆ. ಗಂಟೆ ವಿಲಾಯತಿಯಿಂದ ಬರಬೇಕಾಗಿದ್ದದ್ದು ಬಂದೇ ಇರಲಿಲ್ಲ. ಅದರ ಜಾಗದಲ್ಲಿ ರೈಲು ಹಳಿಯ ತುಂಡೊಂದನ್ನು ನೇತುಹಾಕಿದ್ದರು.

ಒಳಗೆ ಪಾದ್ರಿ ನಿಂತು ಬೋಧಿಸುವ ಪ್ರಸಂಗ ಪೀಠದ ಎದುರಿನ ಮರದ ಹಲಗೆಗಳನ್ನು ಎತ್ತಿದರೆ ಕೆಳಗೊಂದು ಕಲ್ಲಿನ ತೊಟ್ಟಿ. ಅವರು ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರು, ಅವರಲ್ಲಿ ಮಗುವಿನ ತಲೆಗೆ ನೀರು ಚಿಮುಕಿಸಿ ಮುಗಿಸುವ ಪದ್ಧತಿ ಇಲ್ಲ. ಬುದ್ಧಿ ಬಂದವರು ಸಭೆಯ ಎದುರು ನಿಂತು ತಾವೇ ‘ನಂಬುತ್ತೇನೆ’ ಎನ್ನಬೇಕು, ಆಮೇಲೆ ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಅದೇ ದೀಕ್ಷಾಸ್ನಾನ. ತೊಟ್ಟಿಗೆ ಇಳಿಯಲು ಒಂದೊಂದಡಿ ಎತ್ತರದ ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಗೋಡೆಯ ಕಲ್ಲಿನಲ್ಲಿ ಒಂದು ಗೀರು ಕೊರೆದಿದ್ದರು, ನೀರು ಅಲ್ಲಿಯವರೆಗೆ ತುಂಬಬೇಕು. ತಳದಿಂದ ಗೀರಿಗೆ ಸರಿಯಾಗಿ ನಾಲ್ಕು ಅಡಿ. ಕಟ್ಟಿಸಿದ ಬಿಳಿ ಪಾದ್ರಿ ಸಾಹೇಬರು ಆರಡಿ ದಾಟಿದ ಆಳು. ಅವರ ಸೊಂಟಕ್ಕೆ ಬರುವ ನೀರು ಆ ಊರಿನವರಿಗೆ ಎದೆಗೆ ಬರುತ್ತಿತ್ತು. ಅರವತ್ತು ವರ್ಷದಿಂದ ಆ ಊರಿನ ಕ್ರೈಸ್ತರು ತುದಿಗಾಲಲ್ಲಿ ನಿಂತೇ ದೇವರ ಮಕ್ಕಳಾಗುತ್ತಿದ್ದರು.

ಮೋಟಾಭಾಯ್ ಅವರ ತಾಯಿಯನ್ನು ಊರೆಲ್ಲ ‘ಬಾ’ ಎನ್ನುತ್ತಿತ್ತು. ಗುಜರಾತಿಯಲ್ಲಿ ಬಾ ಎಂದರೆ ಅಮ್ಮ. ಎಪ್ಪತ್ತರ ಹತ್ತಿರದ ಹೆಂಗಸು, ಎತ್ತರ ನಾಲ್ಕು ಅಡಿ ಏಳು ಇಂಚು. ನಕ್ಷೆಯ ಕೆಲಸಕ್ಕೆ ಬೇಕೆಂದು ನಾನೇ ಅಳೆದದ್ದು. ಆಕೆ ಒಂದು ಭಾನುವಾರವೂ ಚರ್ಚು ತಪ್ಪಿಸಿದವಳಲ್ಲ. ಗಂಡ, ಮಕ್ಕಳು, ಸೊಸೆಯಂದಿರು ಎಲ್ಲರಿಗೂ ದೀಕ್ಷಾಸ್ನಾನ ಆಗಿತ್ತು, ಬಾಗೆ ಮಾತ್ರ ಇಲ್ಲ. ಹತ್ತು ವರ್ಷದವಳಿದ್ದಾಗ ತಾಪಿ ನದಿಯಲ್ಲಿ ಮುಳುಗಿಹೋಗಿ, ಯಾರೋ ಜುಟ್ಟು ಹಿಡಿದು ಮೇಲಕ್ಕೆಳೆದಿದ್ದರಂತೆ. ಅಂದಿನಿಂದ ತಂಬಿಗೆಗಿಂತ ದೊಡ್ಡ ಪಾತ್ರೆಯ ನೀರನ್ನು ಆಕೆ ನಂಬಿರಲಿಲ್ಲ. ದೀಕ್ಷಾಸ್ನಾನ ಆಗದವರು ಸಭೆಯ ಸದಸ್ಯರಲ್ಲ, ತಿಂಗಳ ಮೊದಲ ಭಾನುವಾರ ನಡೆಯುವ ಪ್ರಭುಭೋಜನದಲ್ಲಿ ರೊಟ್ಟಿಯ ಚೂರು ಅವರಿಗಿಲ್ಲ. ಅದಕ್ಕೆ ಬಾ ಐವತ್ತು ವರ್ಷದಿಂದ ಕೊನೆಯ ಸಾಲಿನಲ್ಲೇ ಕೂತಿದ್ದಳು.

‘ದೀಕರಾ, ಮಗನೇ,’ ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು, ‘ನನಗೆ ಯೇಸುವಿನ ಮೇಲೆ ನಂಬಿಕೆ ಇದೆ. ನೀರಿನ ಮೇಲೆ ಇಲ್ಲ. ಸಾಯುವುದರೊಳಗೆ ಒಂದು ಸಲ ಎಲ್ಲರ ಜೊತೆ ಆ ರೊಟ್ಟಿ ತಿನ್ನಬೇಕು. ಅಷ್ಟು ಮಾಡಿಕೊಡು.’

ಮಾಡಿಕೊಡುವುದು ನನಗೆ ಏನೂ ಕಷ್ಟವಿರಲಿಲ್ಲ. ತೊಟ್ಟಿಯ ತಳವನ್ನು ಒಂದೂವರೆ ಅಡಿ ಎತ್ತರಿಸಿದರೆ ಗೀರಿನವರೆಗೆ ಎರಡೂವರೆ ಅಡಿ ನೀರು, ಅಂದರೆ ಆಕೆಯ ಸೊಂಟದವರೆಗೆ. ಮೆಟ್ಟಿಲನ್ನು ಅರ್ಧರ್ಧ ಅಡಿಗೆ ಇಳಿಸಿ ಪಕ್ಕಕ್ಕೊಂದು ಪೈಪು ಹಾಕಿದರೆ ಮುಗಿಯಿತು. ಕೆರೆಯ ಪಕ್ಕ ಬೆಳೆದವನಿಗೆ ಮೆಟ್ಟಿಲು ಹೇಗಿರಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲೇ ಕೂತು ಸ್ಕೆಚ್ ಹಾಕಿದೆ. ಸಭೆಯ ಹಿರಿಯರಾದ ನಿವೃತ್ತ ಪೋಸ್ಟ್‌ಮಾಸ್ಟರರು ಕನ್ನಡಕ ಏರಿಸಿ ನೋಡಿ ತಲೆಯಾಡಿಸಿದರು. ಬಾ ನನಗೆಂದು ಹೊಸ ಮಡಕೆಯಲ್ಲಿ ಬೇಳೆ ಬೇಯಿಸಿ, ಜೋಳದ ರೊಟ್ಟಿಯ ಮೇಲೆ ತುಪ್ಪ ಸುರಿದಳು. ಮಾಂಸದ ಪಾತ್ರೆ ನನ್ನ ಕಣ್ಣಿಗೆ ಬೀಳದಂತೆ ಅದರ ಮೇಲೆ ಬುಟ್ಟಿ ಮುಚ್ಚಿದ್ದಳು.

ಅಲ್ಲಿದ್ದ ಎರಡು ದಿನ ನಾನು ಚರ್ಚಿನ ಸದಸ್ಯರನ್ನೆಲ್ಲ ಕೂರಿಸಿಕೊಂಡು ಇತಿಹಾಸ ಕೇಳಿದೆ. ಒಬ್ಬರಿಗೂ ಏನೂ ಗೊತ್ತಿರಲಿಲ್ಲ. ‘ಸಾಹೇಬರು ಕಟ್ಟಿಸಿದರು’ ಎನ್ನುವುದರಲ್ಲಿ ಎಲ್ಲರ ಇತಿಹಾಸ ಮುಗಿಯುತ್ತಿತ್ತು. ವಡೋದರಾಕ್ಕೆ ಬಂದು ಕಾಗದದ ಮುಂದೆ ಕೂತಾಗ ನನ್ನ ಹತ್ತಿರ ಇದ್ದದ್ದು ಅಳತೆಗಳು ಮಾತ್ರ. ಆಗ ಅಜ್ಜನ ಬುದ್ಧಿ ಜಾಗೃತವಾಯಿತು. ಕಿಟಕಿ ಮೂರು ಯಾಕೆ? ಅವರ ದೇವರು ತ್ರಿಯೇಕನಲ್ಲವೇ, ಅದಕ್ಕೆ. ಜಗಲಿಯ ಕಂಬ ಹನ್ನೊಂದು ಯಾಕೆ? ಶಿಷ್ಯರು ಹನ್ನೆರಡು, ಅದರಲ್ಲಿ ಒಬ್ಬ ದ್ರೋಹಿ, ಕಳೆದರೆ ಉಳಿಯುವುದು ಹನ್ನೊಂದು. ಇದು ಹೊಳೆದಾಗ ನಾನು ಕುರ್ಚಿಯಿಂದ ಎದ್ದು ಮನೆಯೊಳಗೆ ಎರಡು ಸುತ್ತು ಹಾಕಿದೆ. ತೊಟ್ಟಿಯ ನೀರು ನಾಲ್ಕು ಅಡಿ ಯಾಕೆ? ಯೇಸುವಿನ ಕತೆ ಹೇಳುವ ಸುವಾರ್ತೆಗಳು ನಾಲ್ಕು. ಮುಳುಗುವವನು ನಾಲ್ಕೂ ಸುವಾರ್ತೆಗಳಲ್ಲಿ ಮುಳುಗಿ ಏಳುತ್ತಾನೆ! ನನಗೆ ನನ್ನ ಮೇಲೇ ಗೌರವ ಬಂತು.

ನಕ್ಷೆಯ ಫೈಲು ಬೇರೆ, ಇತಿಹಾಸದ ಫೈಲು ಬೇರೆ. ಒಂದರಲ್ಲಿ ನಾಲ್ಕು ಅಡಿಯನ್ನು ಎರಡೂವರೆ ಮಾಡಿದವನೇ ಇನ್ನೊಂದರಲ್ಲಿ ಅದನ್ನು ಪವಿತ್ರ ಮಾಡುತ್ತಿದ್ದೇನೆ ಎಂದು ಆಗ ತಲೆಗೆ ಹೋಗಲಿಲ್ಲ. ಗುಜರಾತಿಗೆ ಅನುವಾದ ಮಾಡಿದ ಮೋಟಾಭಾಯ್‌ಗೂ ಹೋಗಲಿಲ್ಲ. ಅವರು ಒಂದೊಂದು ವಾಕ್ಯಕ್ಕೂ ‘ವಾಹ್’ ಅನ್ನುತ್ತಾ, ಕಣ್ಣೊರೆಸಿಕೊಳ್ಳುತ್ತಾ ಬರೆದರು. ಕುರುಡನ ಕೈಯನ್ನು ಕುರುಡ ಹಿಡಿದ ಹಾಗಾಯಿತು.

ಅರವತ್ತರ ಹಬ್ಬದ ಭಾನುವಾರ ನನ್ನ ಇತಿಹಾಸವನ್ನು ಚರ್ಚಿನಲ್ಲಿ ಗಟ್ಟಿಯಾಗಿ ಓದಿದರು. ಹನ್ನೊಂದು ಕಂಬ ಬಂದಾಗ ಜನ ಕುತ್ತಿಗೆ ತಿರುಗಿಸಿ ಎಣಿಸಿದರು. ನಾಲ್ಕು ಅಡಿ ಬಂದಾಗ ಒಬ್ಬ ಮುದುಕ ಎದ್ದು ನಿಂತು ‘ಹಲ್ಲೆಲೂಯಾ’ ಎಂದ. ಅರವತ್ತು ವರ್ಷ ಸುಮ್ಮನೆ ಒಂದು ಕಟ್ಟಡದಲ್ಲಿ ಕೂತು ಹೋಗುತ್ತಿದ್ದವರಿಗೆ ಆ ಬೆಳಿಗ್ಗೆ ತಾವು ಎಂಥ ಮಹಾ ಅರ್ಥದೊಳಗೆ ಕೂತಿದ್ದೇವೆಂದು ತಿಳಿಯಿತು. ನಾನು ಮೊದಲ ಸಾಲಿನಲ್ಲಿ ಕೂತು ವಿನಯದಿಂದ ನೆಲ ನೋಡುತ್ತಿದ್ದೆ.

ಆರಾಧನೆ ಮುಗಿದ ಮೇಲೆ ಅಲ್ಲೇ ರಿಪೇರಿಯ ಸಭೆ. ಬ್ಯಾಪ್ಟಿಸ್ಟರಲ್ಲಿ ಮೇಲಿನಿಂದ ಅಪ್ಪಣೆ ಬರುವುದಿಲ್ಲ, ಸದಸ್ಯರು ಕೈ ಎತ್ತಿ ತೀರ್ಮಾನಿಸುತ್ತಾರೆ. ಪಾಳಕರಿಗೂ, ಅಂದರೆ ಅವರ ಪಾದ್ರಿಗೂ, ಒಂದೇ ಕೈ. ಹೆಂಚು ಆಯಿತು, ಸುಣ್ಣ ಆಯಿತು, ತೊಟ್ಟಿಯ ವಿಷಯ ಬಂತು. ಪೋಸ್ಟ್‌ಮಾಸ್ಟರರು ನನ್ನ ನಕ್ಷೆಯನ್ನು ಒಂದು ಕೈಯಲ್ಲೂ ನನ್ನ ಇತಿಹಾಸವನ್ನು ಇನ್ನೊಂದು ಕೈಯಲ್ಲೂ ಹಿಡಿದು ಎದ್ದರು.

‘ನಾಲ್ಕು ಅಡಿ ನಾಲ್ಕು ಸುವಾರ್ತೆ ಎಂದು ಈಗ ಗೊತ್ತಾಯಿತು. ಇದರಲ್ಲಿ ಒಂದೂವರೆ ಅಡಿ ತುಂಬಬೇಕಂತೆ. ಯಾವ ಒಂದೂವರೆ ಸುವಾರ್ತೆಗೆ ಮಣ್ಣು ಹಾಕೋಣ, ಹೇಳಿ?’

ಪಾಳಕರು ಮೆಲ್ಲಗೆ, ತೊಟ್ಟಿ ಹಾಗೇ ಇರಲಿ, ಬಾಗೆ ಮಾತ್ರ ನೀರು ಸ್ವಲ್ಪ ಕಡಿಮೆ ತುಂಬಬಹುದಲ್ಲ ಎಂದರು. ‘ಆಗಲೂ ಒಂದೂವರೆ ಸುವಾರ್ತೆ ಕಡಿಮೆಯೇ’ ಎಂದರು ಪೋಸ್ಟ್‌ಮಾಸ್ಟರರು. ಲೆಕ್ಕ ಸರಿಯಾಗಿತ್ತು. ಮೋಟಾಭಾಯ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕೊನೆಯ ಸಾಲಿನಲ್ಲಿ ಬಾ ತನ್ನ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ತೀರ್ಮಾನವನ್ನು ಮುಂದಿನ ತಿಂಗಳಿಗೆ ಮುಂದೂಡಿದರು. ಎಲ್ಲರೂ ಹೊರಗೆ ಹೋಗುವಾಗ ನನ್ನ ಕೈ ಕುಲುಕಿ ಹೋದರು, ಅದೊಂದು ಬೇರೆ ಕೇಡು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ದೋಸೆಯ ಸಟ್ಟುಗ ಹಿಡಿದೇ ಕೇಳಿದಳು: ‘ಎಂತದು ಮಾರಾಯ್ರೆ! ನಿಮ್ಮನ್ನು ಕರ್ದದ್ದು ಅಳತೆ ತೆಗೀಲಿಕ್ಕಲ್ವಾ? ಪುರಾಣ ಹೇಳ್ಳಿಕ್ಕೆ ಯಾರು ಹೇಳಿದ್ದು? ಆ ಮುದುಕಿಯ ಬಾಯಿಗೆ ಬಂದ ತುತ್ತು ತಪ್ಪಿಸಿದ್ರಿ ನೀವು.’ ನಾನು ಎರಡು ದೋಸೆಗೇ ಎದ್ದೆ. ನಿಜ ಹೇಳಬೇಕೆಂದರೆ ಆ ತಿಂಗಳು ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮುಂದಿನ ಸಭೆಗೆ ನಾನೇ ಹಟ ಹಿಡಿದು ಹೋದೆ. ಎದ್ದು ನಿಂತು ಹಿಂದಿಯಲ್ಲಿ ತಪ್ಪೊಪ್ಪಿಕೊಂಡೆ. ಇವೆಲ್ಲ ನಾನೇ ಹೊಸೆದದ್ದು, ನಮ್ಮ ಕಡೆ ಅಳತೆಗೊಂದು ಕಾರಣ ಹೇಳುವುದು ವಾಡಿಕೆ, ಚಟ, ದಯವಿಟ್ಟು ನಂಬಬೇಡಿ ಎಂದೆ. ಎಲ್ಲರೂ ಪ್ರೀತಿಯಿಂದ ನಕ್ಕರು. ಪೋಸ್ಟ್‌ಮಾಸ್ಟರರು ನನ್ನ ಭುಜ ತಟ್ಟಿದರು.

‘ದೊಡ್ಡವರು ಹೀಗೇ ಹೇಳುವುದು. ಭಾಯ್, ನೀವು ಬೇರೆ ಧರ್ಮದವರು. ಕಂಬ ಎಣಿಸಿದ ಕೂಡಲೇ ಶಿಷ್ಯರ ನೆನಪು ನಿಮಗೆ ಸುಮ್ಮನೆ ಬರುತ್ತದೆಯೇ? ದೇವರು ಹೇಳಿಸಿದ್ದಾನೆ. ಬೈಬಲಿನಲ್ಲೇ ಇದೆ, ಹಿಂದೆ ಒಂದು ಸಲ ಅವನು ಕತ್ತೆಯ ಬಾಯಿಂದಲೂ ಮಾತಾಡಿಸಿದ್ದುಂಟು.’

ಅಷ್ಟು ಗೌರವದಿಂದ ನನ್ನನ್ನು ಯಾರೂ ಕತ್ತೆ ಎಂದದ್ದಿಲ್ಲ. ನಾನು ಕೂತುಬಿಟ್ಟೆ. ಕೈ ಎತ್ತಿಸುವುದೊಂದೇ ಬಾಕಿ ಇತ್ತು. ಎತ್ತಿದ್ದರೆ ಬಾ ರೊಟ್ಟಿ ತಿನ್ನುವ ಕತೆ ಅಲ್ಲಿಗೇ ಮುಗಿಯುತ್ತಿತ್ತು, ಯಾಕೆಂದರೆ ಒಂದು ಸಲ ತೀರ್ಮಾನವಾದದ್ದನ್ನು ಅವರು ಬದಲಾಯಿಸುವವರಲ್ಲ.

ಆಗ ಕೊನೆಯ ಸಾಲಿನಿಂದ ‘ನಾನೊಂದು ಮಾತು ಹೇಳಲೇ?’ ಎಂಬ ದನಿ ಕೇಳಿತು. ಸದಸ್ಯರಲ್ಲದವರು ಸಭೆಯಲ್ಲಿ ಮಾತಾಡುವಂತಿಲ್ಲ. ಪಾಳಕರು ಪೋಸ್ಟ್‌ಮಾಸ್ಟರರ ಕಡೆ ನೋಡಲೇ ಇಲ್ಲ, ‘ಹೇಳು, ಬಾ’ ಎಂದುಬಿಟ್ಟರು.

‘ಈ ತೊಟ್ಟಿ ತೋಡುವಾಗ ನಾನು ಇಲ್ಲೇ ಇದ್ದೆ’ ಎಂದಳು ಬಾ. ‘ಎಂಟು ವರ್ಷ ನನಗೆ. ನನ್ನ ಅಪ್ಪ ಅಗೆಯುತ್ತಿದ್ದ, ನಾನೂ ನನ್ನ ಅವ್ವನೂ ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದೆವು. ಸಾಹೇಬರಿಗೆ ಜ್ವರ ಬಂತು. ನಾನು ಬರುವವರೆಗೆ ಅಗೆಯುತ್ತಿರಿ ಎಂದು ಹೇಳಿ ಬೆಟ್ಟದ ಊರಿಗೆ ಹೋದರು. ಬರಲಿಲ್ಲ. ದಿನಗೂಲಿಯವರು ನಾವು, ನಿಲ್ಲಿಸಿ ಎಂದು ಹೇಳುವವರಿಲ್ಲ, ಯಾಕೆ ನಿಲ್ಲಿಸಬೇಕು? ಅಗೆದೆವು. ಸಾಹೇಬರು ವಾಪಸು ಬಂದು ನೋಡಿದರೆ ಬಾವಿ! ಮುಖ ಕೆಂಪಾಯಿತು. ಮತ್ತೆ ತುಂಬಿ ಅಂದರು. ಒಡೆದ ಹೆಂಚು, ಸುಣ್ಣದ ಗಟ್ಟಿ, ಇಟ್ಟಿಗೆ ಚೂರು, ಎಲ್ಲ ಹೊತ್ತು ತುಂಬಿದೆವು. ಸಾಹೇಬರು ಒಳಗೆ ಇಳಿದು ನಿಂತು, ಸೊಂಟದ ಹತ್ತಿರ ಕಲ್ಲಿಗೆ ಗೀರು ಹಾಕಿಸಿದರು. ಅಷ್ಟೇ. ಆಗ ಯಾರೂ ಸುವಾರ್ತೆ ಎಣಿಸಲಿಲ್ಲ. ಇನ್ನು ಆ ಹನ್ನೆರಡನೇ ಕಂಬ. ಅದನ್ನು ಮೊದಲ ಮಳೆಗಾಲದಲ್ಲೇ ಗೆದ್ದಲು ತಿಂದಿತು. ನನ್ನ ಅವ್ವ ಅದನ್ನು ಒಲೆಗೆ ಹಾಕಿದಳು.’

ಪೋಸ್ಟ್‌ಮಾಸ್ಟರರು ಕನ್ನಡಕ ತೆಗೆದು, ‘ಇಷ್ಟು ವರ್ಷ ಯಾಕೆ ಹೇಳಲಿಲ್ಲ ಬಾ?’ ಎಂದು ಕೇಳಿದರು.

‘ಯಾರು ಕೇಳಿದರು? ಇತಿಹಾಸ ಬರೆಯುವ ಭಾಯ್ ಬಂದು ಸದಸ್ಯರನ್ನೆಲ್ಲ ಕೇಳಿದ. ನಾನು ಸದಸ್ಯಳಲ್ಲವಲ್ಲ.’

ಆಕೆ ಅದನ್ನು ಬೈಗುಳದಂತೆ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಎರಡು ದಿನ ನಾನು ಆಕೆಯ ಮನೆಯಲ್ಲೇ ಉಂಡು, ಆಕೆಯ ಚಾಪೆಯ ಮೇಲೆ ಮಲಗಿ, ಊರೆಲ್ಲ ಅಲೆದು ಕೇಳಿದ್ದೆ. ಎದುರಿಗೆ ತುಪ್ಪ ಬಡಿಸುತ್ತಿದ್ದವಳನ್ನು ಒಂದು ಮಾತು ಕೇಳಿರಲಿಲ್ಲ.

ಪೋಸ್ಟ್‌ಮಾಸ್ಟರರು ಸುಲಭದಲ್ಲಿ ಸೋಲುವವರಲ್ಲ. ಸಾಕ್ಷಿ ಬೇಕು ಎಂದರು. ಆ ಮಧ್ಯಾಹ್ನವೇ ತೊಟ್ಟಿಯ ತಳದ ಒಂದು ಚಪ್ಪಡಿ ಎಬ್ಬಿಸಿದೆವು. ಅಡಿಯಲ್ಲಿ ಒಡೆದ ಹೆಂಚು, ಸುಣ್ಣದ ಗಟ್ಟಿ, ಇಟ್ಟಿಗೆ ಚೂರು, ಬಾ ಹೇಳಿದ ಹಾಗೇ. ನಾನು ಮೊಣಕೈವರೆಗೆ ಕೈ ಹಾಕಿ ನೋಡಿದೆ, ಕೆಳಗೆಲ್ಲ ಅದೇ. ಬಾ ಮೇಲಿನ ಮೆಟ್ಟಿಲಿನಿಂದ ಇಣುಕಿ ನೋಡುತ್ತಾ, ‘ಒಂದು ಸಲ ಇದನ್ನು ನನ್ನ ತಲೆಯ ಮೇಲೆ ಹೊತ್ತೇ ತುಂಬಿದ್ದು. ಇನ್ನೊಂದು ಒಂದೂವರೆ ಅಡಿಗೆ ನನ್ನ ಮೇಲೆ ಅಷ್ಟು ಸಿಟ್ಟು ಯಾಕೆ?’ ಎಂದಳು. ಕೈಗಳು ಎದ್ದವು. ಮೊದಲು ಎದ್ದದ್ದು ಪೋಸ್ಟ್‌ಮಾಸ್ಟರರದು, ಅದನ್ನು ನಾನು ಹೇಳದಿದ್ದರೆ ತಪ್ಪಾಗುತ್ತದೆ. ಹನ್ನೊಂದು ಕಂಬದ ಕತೆಯನ್ನು ಮಾತ್ರ ಅವರು ಬಿಡಲಿಲ್ಲ. ಗೆದ್ದಲನ್ನೂ ದೇವರೇ ಕಳಿಸಿದ್ದು ಎಂದು ಸೇರಿಸಿಕೊಂಡರು.

ಕೆಲಸ ಮುಗಿದು, ಚಳಿಗಾಲ ಕಳೆದ ಮೇಲೆ, ಒಂದು ತಿಂಗಳ ಮೊದಲ ಭಾನುವಾರ ಬಾಗೆ ದೀಕ್ಷಾಸ್ನಾನ. ನನ್ನ ಹೆಂಡತಿಯೂ ಬಂದಿದ್ದಳು. ಬಾ ಬಿಳಿ ಸೀರೆಯುಟ್ಟು ಪೈಪು ಹಿಡಿದು ಎರಡು ಮೆಟ್ಟಿಲು ಇಳಿದಳು, ನಿಂತಳು. ಪಾಳಕರು ನೀರಿನೊಳಗೆ ನಿಂತು ಕೈ ಚಾಚಿದರು. ಬಾ ಕದಲಲಿಲ್ಲ. ಜನ ಹಾಡುತ್ತಿದ್ದ ಹಾಡು ಮುಗಿಯಿತು, ಇನ್ನೊಮ್ಮೆ ಮೊದಲಿನಿಂದ ಹಾಡಿದರು, ಅದೂ ಮುಗಿಯಿತು. ನಂಬುತ್ತೀಯಾ ಎಂದು ಪಾಳಕರು ಕೇಳಿದರು. ‘ನಂಬುತ್ತೇನೆ’ ಎಂದಳು, ‘ಆದರೆ ನೀನು ಜುಟ್ಟು ಗಟ್ಟಿಯಾಗಿ ಹಿಡಿದುಕೋ.’ ಎಲ್ಲರೂ ಗೊಳ್ಳೆಂದು ನಗುತ್ತಿರುವಾಗಲೇ ಇಳಿದಳು, ಮುಳುಗಿದಳು, ಎದ್ದಳು. ಪಾಳಕರು ನಿಜವಾಗಿಯೂ ಜುಟ್ಟು ಹಿಡಿದಿದ್ದರು.

ಬಟ್ಟೆ ಬದಲಿಸಿ ಬಂದವಳನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಪ್ರಭುಭೋಜನ ಶುರುವಾಯಿತು. ರೊಟ್ಟಿಯ ಚೂರುಗಳಿದ್ದ ತಟ್ಟೆ ಕೈಯಿಂದ ಕೈಗೆ ಸಾಗುತ್ತಾ ಬಾ ಕೂತಲ್ಲಿಗೆ ಬಂತು. ಬಾ ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡಳು, ಕಣ್ಣು ತಗ್ಗಿಸಿ, ಏನನ್ನೂ ಮುಟ್ಟದೆ, ಪಕ್ಕದ ಹೆಂಗಸಿಗೆ ದಾಟಿಸಿಬಿಟ್ಟಳು.

ಐವತ್ತು ವರ್ಷ ಆಕೆ ಮಾಡಿದ್ದು ಅದನ್ನೇ. ಕೈಗೆ ಅದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಪಕ್ಕದ ಹೆಂಗಸು ತಟ್ಟೆ ಹಿಡಿದು ಕಕ್ಕಾಬಿಕ್ಕಿಯಾದಳು. ‘ಬಾ!’ ಎಂದು ಮೋಟಾಭಾಯ್ ಕೂಗಿದ್ದು ಇಡೀ ಚರ್ಚಿಗೆ ಕೇಳಿಸಿತು. ಬಾ ತಲೆಯೆತ್ತಿ ನೋಡಿದಳು, ತಟ್ಟೆ ನೋಡಿದಳು, ‘ಅರೇ, ನಿಲ್ಲು, ನಿಲ್ಲು!’ ಎಂದು ಎದ್ದು ಕೈ ಚಾಚಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ನಗಬೇಕಾದ ಜಾಗದಲ್ಲಿ ಯಾರೂ ನಗಲಿಲ್ಲ. ನನ್ನ ಹೆಂಡತಿ ಅಳುತ್ತಿದ್ದಳು, ನಾನೂ ಅಳುತ್ತಿದ್ದೆ. ಬಾ ಒಂದು ಚೂರು ಆರಿಸಿ ಬಾಯಿಗೆ ಹಾಕಿಕೊಂಡಳು. ಆಕೆಗೆ ಹಲ್ಲು ಕಡಿಮೆ. ನಿಧಾನವಾಗಿ ಅಗಿದಳು, ಅಗಿಯುತ್ತಲೇ ಇದ್ದಳು, ಅವಳು ನುಂಗುವವರೆಗೆ ಪಾಳಕರು ತಟ್ಟೆಯನ್ನು ಮುಂದಕ್ಕೆ ಬಿಡಲಿಲ್ಲ.